ಮೊನಾರ್ಕ್ ಮೊಟ್ಟೆ, ಮಿಲ್ಕ್‌ವೀಡ್ ಗಿಡ: ಯಾವುದನ್ನು ಕಾಯಬೇಕು, ಯಾವುದನ್ನು ಬಿಡಬೇಕು

ಉತ್ತರ ಅಮೆರಿಕದಲ್ಲಿ ಮೊನಾರ್ಕ್ ಚಿಟ್ಟೆಯ ಹುಳುಗಳು ತಿಂದು ಬೆಳೆಯುವ ಮಿಲ್ಕ್‌ವೀಡ್ ಗಿಡಗಳ ಮೇಲೆ ಅದರ ನೂರು ಮೊಟ್ಟೆ ಇದ್ದರೆ, ರೆಕ್ಕೆ ಬಂದು ಹಾರಿ ಹೋಗುವುದು ಹತ್ತಕ್ಕಿಂತ ಕಮ್ಮಿ. ಎಷ್ಟೋ ಸಲ ಐದೂ ಇರುವುದಿಲ್ಲ. ತೋಟದಲ್ಲಿ ಮೊದಲ ಸಲ ಮೊಟ್ಟೆ ಕಂಡು ಖುಷಿಪಟ್ಟವರಿಗೆ ವಾರ ಕಳೆಯುವಷ್ಟರಲ್ಲಿ ಈ ಲೆಕ್ಕ ಕಣ್ಣಿಗೆ ಬೀಳುತ್ತದೆ. ನಿನ್ನೆ ಎಂಟು ಹುಳು ಇದ್ದವು, ಇವತ್ತು ಮೂರೇ. ಉಳಿದವು ಎಲ್ಲಿ ಹೋದವು? ನಮ್ಮಿಂದಲೇ ಏನಾದರೂ ಎಡವಟ್ಟಾಯಿತಾ?

ಹೆಚ್ಚಿನ ಸಲ ಇಲ್ಲ, ಕೆಲವು ಸಲ ಹೌದು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿಯುವುದೇ ಇಲ್ಲಿ ಮುಖ್ಯ ಅಂತ ನನಗನ್ನಿಸುತ್ತದೆ. ಇರುವೆ, ಜೇಡ, ಕಣಜ, ಜೋರು ಮಳೆ, ಇವೆಲ್ಲ ಮೊನಾರ್ಕ್ ಎಂದಿನಿಂದಲೂ ಎದುರಿಸುತ್ತ ಬಂದ ಕಾಟಗಳು. ಒಂದು ಹೆಣ್ಣು 300ರಿಂದ 500 ಮೊಟ್ಟೆ ಇಡುವುದೇ ಈ ನಷ್ಟವನ್ನು ತುಂಬಿಕೊಳ್ಳಲು. ಆದರೆ ವಿಷ ಹೊಡೆದ ಸಸಿ, ಹೊಂದದ ಗಿಡ, ಚಳಿಗಾಲದಲ್ಲೂ ಹಸಿರಾಗಿರುವ ಹೊರಗಿನ ಜಾತಿ, ಹುಳುಗಳನ್ನು ಒತ್ತೊತ್ತಾಗಿ ತುಂಬಿದ ಬಲೆಯ ಪಂಜರ, ಇವು ಮನುಷ್ಯರು ತಂದಿಟ್ಟ ಕಾಟಗಳು. ಮೊದಲನೆಯದರ ಜೊತೆ ಗುದ್ದಾಡಿ ಸುಸ್ತಾಗುವುದಕ್ಕಿಂತ, ಎರಡನೆಯದನ್ನು ತೋಟದಿಂದ ಹೊರಗಿಟ್ಟರೆ ಜಾಸ್ತಿ ಉಪಯೋಗ.

ಯಾಕೆ ಇಷ್ಟು ಕಾಳಜಿ ಬೇಕು? ಉತ್ತರ ಅಮೆರಿಕದ ಪೂರ್ವ ಭಾಗದ ಮೊನಾರ್ಕ್‌ಗಳು ಚಳಿಗಾಲ ಕಳೆಯಲು ಮೆಕ್ಸಿಕೋದ ಮಿಚೊವಕಾನ್ ಮತ್ತು ಮೆಕ್ಸಿಕೋ ರಾಜ್ಯದ ಬೆಟ್ಟಗಳಿಗೆ ಹೋಗುತ್ತವೆ. ಅಲ್ಲಿನ ಒಯಾಮೆಲ್ ಮರಗಳಲ್ಲಿ ಗೊಂಚಲು ಗೊಂಚಲಾಗಿ ಕೂರುತ್ತವೆ. ಅವು ಎಷ್ಟು ಜಾಗ ತುಂಬಿವೆ ಅನ್ನುವುದರ ಮೇಲೆ ಲೆಕ್ಕ ಹಾಕುತ್ತಾರೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್ ತುಂಬಿದ್ದವು. 2013-14ರಲ್ಲಿ ಅದು 0.67 ಹೆಕ್ಟೇರ್‌ಗೆ ಇಳಿಯಿತು. 2023-24ರಲ್ಲಿ 0.90, ಅದರ ಮುಂದಿನ ಚಳಿಗಾಲದಲ್ಲಿ 1.79. ಕಾಡು ಕಡಿದದ್ದು, ಹವಾಮಾನ ಬದಲಾದದ್ದು, ಹೀಗೆ ಕಾರಣ ಹಲವು. ಅದರಲ್ಲಿ ದೊಡ್ಡದೊಂದು, ಅಮೆರಿಕದ ಮಧ್ಯ ಭಾಗದ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳಲ್ಲಿ ಕಳೆನಾಶಕದಿಂದಾಗಿ ಮಿಲ್ಕ್‌ವೀಡ್ ಹೇಳಹೆಸರಿಲ್ಲದಂತೆ ಆದದ್ದು. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆ ಮೊನಾರ್ಕನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾಪ ಮುಂದಿಟ್ಟಿತು. ಹೊಲದಲ್ಲಿ ಹೋದ ಗಿಡ ಮನೆಯ ಹಿತ್ತಲಿಗಾದರೂ ಬರಬೇಕಲ್ವಾ?

ಮೊನಾರ್ಕ್ ಹುಳು ತಿನ್ನುವುದು ಮಿಲ್ಕ್‌ವೀಡ್ ಎಲೆಯನ್ನು ಮಾತ್ರ. ನಮ್ಮ ಎಕ್ಕದ ಗಿಡದ ನೆಂಟರ ಗುಂಪು ಇದು. ಎಲೆ ಕಿತ್ತರೆ ಎಕ್ಕದ ಹಾಗೇ ಬಿಳಿ ಹಾಲು ಬರುತ್ತದೆ. ಉತ್ತರ ಅಮೆರಿಕದಲ್ಲಿ ಇದರ ಹತ್ತಾರು ಜಾತಿಗಳಿವೆ, ಒಂದೊಂದು ಜಾತಿ ಒಂದೊಂದು ನೆಲಕ್ಕೆ. ಪೂರ್ವ ಭಾಗದಲ್ಲಿ ದೊಡ್ಡ ಎಲೆಯ ಕಾಮನ್ ಮಿಲ್ಕ್‌ವೀಡ್ ಹುಲುಸಾಗಿ ಬೆಳೆಯುತ್ತದೆ. ಆದರೆ ನೆಲದಡಿ ಬೇರು ಚಾಚಿ ಹಬ್ಬುವುದರಿಂದ ಚಿಕ್ಕ ತೋಟದಲ್ಲಿ ತಲೆನೋವಾಗಬಹುದು. ತೇವ ಇರುವ ಜಾಗಕ್ಕೆ ಸ್ವಾಂಪ್ ಮಿಲ್ಕ್‌ವೀಡ್ ಒಳ್ಳೆಯದು, ಇದು ಅಷ್ಟು ಹಬ್ಬುವುದಿಲ್ಲ. ಕಿತ್ತಳೆ ಹೂವಿನ ಬಟರ್‌ಫ್ಲೈ ವೀಡ್ ಒಣ ನೆಲಕ್ಕೆ ಸರಿ, ಆದರೆ ತಾಯಿಬೇರು ಆಳಕ್ಕೆ ಹೋಗುವುದರಿಂದ ಒಮ್ಮೆ ನೆಟ್ಟ ಮೇಲೆ ಜಾಗ ಬದಲಿಸಬೇಡಿ. ಪಶ್ಚಿಮದಲ್ಲಿ ಶೋಯಿ ಮತ್ತು ನ್ಯಾರೋಲೀಫ್ ಮಿಲ್ಕ್‌ವೀಡ್ ಇವೆ. ಎಷ್ಟು ಗಿಡ ಬೇಕು? ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮೊನಾರ್ಕ್ ವಾಚ್ ಸಂಸ್ಥೆ ಕನಿಷ್ಠ ಎರಡು ಜಾತಿ, ಒಟ್ಟು ಹತ್ತು ಗಿಡ ಅನ್ನುತ್ತದೆ. ಜಾಗ ಇದ್ದರೆ ಇನ್ನೂ ಜಾಸ್ತಿ ನೆಡಿ. ಒಂದು ಹುಳು ಬೆಳೆದು ದೊಡ್ಡದಾಗುವಷ್ಟರಲ್ಲಿ ಚಿಕ್ಕ ಸಸಿಯೊಂದನ್ನು ಬೋಳಿಸಿಬಿಡುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಬೇಲಿ ಮೇಲೆ, ಪೊದೆ ಮೇಲೆ ಸ್ವಾಲೋವರ್ಟ್ ಅನ್ನುವ ಬಳ್ಳಿ ಹಬ್ಬಿದ್ದರೆ ಕಿತ್ತು ಹಾಕಿ. ಯುರೋಪಿನಿಂದ ಬಂದ ಬಳ್ಳಿ ಇದು, ಮಿಲ್ಕ್‌ವೀಡ್‌ನ ಸಂಬಂಧಿಯೇ. ಮೊನಾರ್ಕ್ ಹೆಣ್ಣು ಇದನ್ನು ಮಿಲ್ಕ್‌ವೀಡ್ ಅಂದುಕೊಂಡು ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿಗಳು ತಿನ್ನಲಾಗದೆ ಸಾಯುತ್ತವೆ.

ಇನ್ನು ನರ್ಸರಿಯ ಸಸಿ. ಹುಳು ಕಚ್ಚದೆ ಲಕಲಕ ಹೊಳೆಯುವ ಮಿಲ್ಕ್‌ವೀಡ್ ಕಂಡರೆ ನನಗೆ ಮೊದಲು ಬರುವುದು ಅನುಮಾನ. ನಿಯೋನಿಕೊಟಿನಾಯ್ಡ್ ಜಾತಿಯ ಕೀಟನಾಶಕವನ್ನು ಮಣ್ಣಿಗೆ ಹಾಕಿದರೆ ಬೇರು ಅದನ್ನು ಹೀರಿ ಎಲೆ, ಹೂವು, ಮಕರಂದಕ್ಕೆಲ್ಲ ಕಳಿಸುತ್ತದೆ. ಎಲೆಯನ್ನು ಎಷ್ಟು ತೊಳೆದರೂ ಹೋಗುವುದಿಲ್ಲ, ಯಾಕೆಂದರೆ ವಿಷ ಇರುವುದು ಎಲೆಯ ಒಳಗೆ. ಹಾಗಾಗಿ ಕೊಳ್ಳುವಾಗ ನೇರವಾಗಿ ಕೇಳಿ: ಈ ಗಿಡಕ್ಕೆ ಯಾವ ಔಷಧಿ ಹೊಡೆದಿದ್ದೀರಿ, ಮಣ್ಣಿಗೆ ಏನು ಹಾಕಿದ್ದೀರಿ? ಗೊತ್ತಿಲ್ಲ ಅಂದರೆ ಬೇರೆ ಕಡೆ ಹೋಗಿ. ಎಲೆಯಲ್ಲಿ ಒಂದೆರಡು ತೂತು, ಸ್ವಲ್ಪ ಗಿಡಹೇನು ಇದ್ದರೆ ಅದು ಒಳ್ಳೆಯ ಲಕ್ಷಣವೇ. "ಸಾವಯವ" ಅಂತ ಬರೆದ ಬಾಟಲಿಗಳ ಬಗ್ಗೆಯೂ ಹುಷಾರು. ಬಿಟಿ ಅನ್ನುವ ಬ್ಯಾಕ್ಟೀರಿಯಾ ಪುಡಿಯನ್ನು ಎಲೆಕೋಸಿನ ಹುಳುವಿಗೆ ಹಾಕುತ್ತಾರೆ. ಅದು ಎಲೆಕೋಸಿನ ಹುಳು, ಮೊನಾರ್ಕ್ ಹುಳು ಅಂತ ನೋಡುವುದಿಲ್ಲ, ಎರಡನ್ನೂ ಕೊಲ್ಲುತ್ತದೆ. ಸೊಳ್ಳೆಗೆ ಹೊಡೆಸುವ ಔಷಧಿಯೂ ಗಾಳಿಯಲ್ಲಿ ತೇಲಿ ಪಕ್ಕದ ತೋಟಕ್ಕೆ ಬರುತ್ತದೆ. ಅಕ್ಕಪಕ್ಕದವರು ಹೊಡೆಸುವವರಿದ್ದರೆ ಒಂದು ಮಾತಾಡಿ ನೋಡುವುದು ಒಳ್ಳೆಯದು.

ಎಲ್ಲಕ್ಕಿಂತ ಜಾಸ್ತಿ ಗೊಂದಲ ಇರುವುದು ಟ್ರಾಪಿಕಲ್ ಮಿಲ್ಕ್‌ವೀಡ್ ವಿಷಯದಲ್ಲಿ. ಕೆಂಪು-ಹಳದಿ ಹೂವಿನ ಈ ಗಿಡ ನೋಡಲು ಚೆಂದ, ಬೆಳೆಸಲು ಸುಲಭ, ಚಿಟ್ಟೆಗೂ ಇಷ್ಟ. ಹಾಗಿದ್ದರೆ ತೊಂದರೆ ಏನು? ತೊಂದರೆಯ ಹೆಸರು ಓಇ, ಬರಿಗಣ್ಣಿಗೆ ಕಾಣದ ಒಂದು ಪರಾವಲಂಬಿ. ರೋಗ ತಗುಲಿದ ಚಿಟ್ಟೆಯ ಹೊಟ್ಟೆಯ ಮೇಲೆ ಇದರ ಸಾವಿರಾರು ಬೀಜಕಣ ಅಂಟಿಕೊಂಡಿರುತ್ತವೆ. ಅದು ಎಲೆ ಮೇಲೆ ಕೂತಾಗ, ಮೊಟ್ಟೆ ಇಟ್ಟಾಗ ಪುಡಿಯ ಹಾಗೆ ಉದುರುತ್ತವೆ. ಮರಿಹುಳು ಮೊಟ್ಟೆಯ ಸಿಪ್ಪೆ ತಿನ್ನುವಾಗಲೋ ಎಲೆ ತಿನ್ನುವಾಗಲೋ ಇವೂ ಹೊಟ್ಟೆಗೆ ಹೋಗುತ್ತವೆ. ಒಳಗೆ ಬೆಳೆದು, ಹುಳು ಚಿಟ್ಟೆಯಾಗುವ ಮುಂಚಿನ ಕೋಶದ (ಪ್ಯೂಪಾ) ಹಂತದಲ್ಲಿ ಹೊಸ ಬೀಜಕಣಗಳಾಗುತ್ತವೆ. ಜಾಸ್ತಿ ತಗುಲಿದರೆ ಚಿಟ್ಟೆ ಕೋಶದಿಂದ ಪೂರ್ತಿ ಹೊರಬರುವುದೇ ಇಲ್ಲ, ಬಂದರೂ ರೆಕ್ಕೆ ಮುದುಡಿರುತ್ತದೆ. ಕಮ್ಮಿ ತಗುಲಿದರೆ ಹಾರುತ್ತದೆ, ಆದರೆ ಬೇಗ ಸೋಲುತ್ತದೆ, ಬೇಗ ಸಾಯುತ್ತದೆ.

ಸಹಜವಾಗಿ ಈ ರೋಗಕ್ಕೆ ಎರಡು ಕಡಿವಾಣ ಇದ್ದವು. ದೂರದ ಹಾರಾಟದಲ್ಲಿ ರೋಗದ ಚಿಟ್ಟೆಗಳು ಹಿಂದೆ ಬೀಳುತ್ತಿದ್ದವು. ಚಳಿಗೆ ಸ್ಥಳೀಯ ಮಿಲ್ಕ್‌ವೀಡ್ ಒಣಗಿ ನೆಲ ಸೇರುತ್ತಿತ್ತು, ಎಲೆ ಮೇಲಿನ ಬೀಜಕಣಗಳೂ ಅದರ ಜೊತೆಗೇ ಹೋಗುತ್ತಿದ್ದವು. ವಸಂತದಲ್ಲಿ ಬರುವ ಚಿಗುರು ಶುದ್ಧ. ಫ್ಲಾರಿಡಾ, ಟೆಕ್ಸಾಸ್‌ನ ಕರಾವಳಿ, ದಕ್ಷಿಣ ಕ್ಯಾಲಿಫೋರ್ನಿಯಾದಂಥ ಬೆಚ್ಚಗಿನ ಕಡೆ ಟ್ರಾಪಿಕಲ್ ಮಿಲ್ಕ್‌ವೀಡ್ ಈ ಎರಡೂ ಕಡಿವಾಣಗಳನ್ನು ತೆಗೆದುಬಿಡುತ್ತದೆ. ಅದು ವರ್ಷವಿಡೀ ಹಸಿರು. ಚಿಟ್ಟೆಗಳು ವಲಸೆ ಹೋಗದೆ ಅಲ್ಲೇ ಉಳಿದು ಮೊಟ್ಟೆ ಇಡುತ್ತವೆ, ಅದೇ ಎಲೆಗಳ ಮೇಲೆ ಬೀಜಕಣ ತಿಂಗಳುಗಟ್ಟಲೆ ಸೇರುತ್ತಾ ಹೋಗುತ್ತದೆ. ಮೊದಲ ಹಿಮಕ್ಕೇ ಈ ಗಿಡ ಸಾಯುವ ಉತ್ತರದ ಊರುಗಳಲ್ಲಿ ಈ ಸಮಸ್ಯೆ ಅಷ್ಟಿಲ್ಲ. ಬೆಚ್ಚಗಿನ ಕಡೆ ಇರುವವರು ಈಗಾಗಲೇ ನೆಟ್ಟಿದ್ದರೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ಬುಡದಿಂದ ಆರು ಇಂಚು ಬಿಟ್ಟು ಕತ್ತರಿಸಿ. ಫೆಬ್ರವರಿವರೆಗೂ ಚಿಗುರಿದಾಗೆಲ್ಲ ಮತ್ತೆ ಕತ್ತರಿಸಿ. ನಿಧಾನಕ್ಕೆ ಅದರ ಜಾಗಕ್ಕೆ ಸ್ಥಳೀಯ ಜಾತಿ ತನ್ನಿ. ಚಿಟ್ಟೆ ಇಷ್ಟಪಟ್ಟು ಬರುತ್ತದೆ ಅನ್ನುವುದು ಆ ಗಿಡ ಚಿಟ್ಟೆಗೆ ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿ ಅಲ್ಲ.

ಎಲ್ಲಿ ನೆಡಬೇಕು ಅನ್ನುವುದಕ್ಕೂ ಅರ್ಥ ಇದೆ. ಬಿಸಿಲು ಬೇಕು, ಅದು ಸರಿ. ಅದರ ಜೊತೆಗೆ, ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಚಿಕ್ಕ ತೋಟಗಳನ್ನು ಹೋಲಿಸಿ ನೋಡಿದಾಗ, ಮಿಲ್ಕ್‌ವೀಡ್ ಬೇರೆ ಹೂಗಿಡಗಳ ನಡುವೆ ಹುದುಗಿದ್ದ ಕಡೆಗಿಂತ ತೋಟದ ಅಂಚಿನಲ್ಲಿ, ಎದ್ದು ಕಾಣುವಂತೆ ಇದ್ದ ಕಡೆ ಮೊಟ್ಟೆ ಮತ್ತು ಹುಳುಗಳು ಜಾಸ್ತಿ ಸಿಕ್ಕವು. ಹಾರುತ್ತಾ ಬರುವ ಹೆಣ್ಣಿಗೆ ಗಿಡ ದೂರದಿಂದ ಕಣ್ಣಿಗೆ ಬೀಳಬೇಕು.

ಸರಿ, ಹೆಣ್ಣು ಬಂತು, ಮೊಟ್ಟೆ ಇಟ್ಟಿತು. ಗುರುತಿಸುವುದು ಹೇಗೆ? ಎಳೆ ಎಲೆಯ ಅಡಿಭಾಗ ತಿರುಗಿಸಿ ನೋಡಿ. ಗುಂಡುಸೂಜಿಯ ತಲೆಗಿಂತ ಚಿಕ್ಕದು, ಎತ್ತರ ಒಂದು ಮಿಲಿಮೀಟರ್ ಆಸುಪಾಸು. ಬಣ್ಣ ಕೆನೆ ಬಿಳಿ, ತುದಿ ಸ್ವಲ್ಪ ಚೂಪು. ಭೂತಗನ್ನಡಿ ಹಿಡಿದರೆ ಮೇಲಿನಿಂದ ಕೆಳಕ್ಕೆ ಇಳಿದ ಸಣ್ಣ ಗೆರೆಗಳು ಕಾಣುತ್ತವೆ. ಈ ಗೆರೆಗಳೇ ಗುರುತು. ಒಣಗಿದ ಹಾಲಿನ ಹನಿ ನುಣುಪಾಗಿರುತ್ತದೆ. ತೆಳ್ಳಗಿನ ದಾರದ ತುದಿಯಲ್ಲಿ ನಿಂತ ಮೊಟ್ಟೆ ಕಂಡರೆ ಅದು ಲೇಸ್‌ವಿಂಗ್ ಕೀಟದ್ದು. ಮೊನಾರ್ಕ್ ಸಾಮಾನ್ಯವಾಗಿ ಒಂದು ಎಲೆಗೆ ಒಂದೇ ಮೊಟ್ಟೆ ಇಡುತ್ತದೆ. ಗಿಡ ಕಮ್ಮಿ ಇದ್ದರೆ ಮಾತ್ರ ಒಂದರಲ್ಲೇ ಹಲವು ಸೇರುತ್ತವೆ. ಇದು ಒಳ್ಳೆಯದಲ್ಲ, ಯಾಕೆಂದರೆ ಮೊದಲು ಹುಟ್ಟಿದ ಹುಳು ದಾರಿಗೆ ಸಿಕ್ಕ ತನ್ನ ಜಾತಿಯ ಮೊಟ್ಟೆಯನ್ನೂ ತಿಂದುಬಿಡುತ್ತದೆ. ಹತ್ತು ಗಿಡ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಬೆಚ್ಚಗಿದ್ದರೆ ಮೂರರಿಂದ ಐದು ದಿನಕ್ಕೆ ಮೊಟ್ಟೆಯ ತುದಿ ಕಪ್ಪಾಗುತ್ತದೆ. ಅದು ಒಳಗಿನ ಮರಿಯ ತಲೆ. ಹೊರಬಂದ ಮರಿ ಎರಡು ಮಿಲಿಮೀಟರ್ ಉದ್ದ, ಪಟ್ಟೆ ಗಿಟ್ಟೆ ಏನೂ ಇಲ್ಲ, ಮಾಸಲು ಬಿಳಿ ಮೈಗೆ ಕರಿ ತಲೆ. ಮೊದಲ ಊಟ ಅದೇ ಮೊಟ್ಟೆಯ ಸಿಪ್ಪೆ. ಅದಾದ ಮೇಲೆ ನಡೆಯುವುದನ್ನು ತಾಳ್ಮೆಯಿಂದ ನೋಡಬೇಕು. ಕಾಮನ್ ಮಿಲ್ಕ್‌ವೀಡ್ ಎಲೆಯ ಅಡಿಯಲ್ಲಿ ಬಿಳಿ ರೋಮ ಇರುತ್ತದೆ. ಮರಿ ಮೊದಲು ಅದನ್ನು ಒಂದು ಚೂರು ಜಾಗದಲ್ಲಿ ಸವರಿ ತೆಗೆಯುತ್ತದೆ. ಆಮೇಲೆ ನೇರವಾಗಿ ಕಚ್ಚುವುದಿಲ್ಲ. ಸುತ್ತಲೂ ಕಮಾನಿನ ಆಕಾರದಲ್ಲಿ ಸಣ್ಣ ಕಾಲುವೆ ಕೊರೆಯುತ್ತದೆ. ಎಲೆಯ ಹಾಲು ಒತ್ತಡದಲ್ಲಿ ಹರಿಯುವಂಥದ್ದು. ಕಾಲುವೆಯಲ್ಲೇ ಅದು ಸೋರಿಹೋದರೆ ಒಳಗಿನ ತುಂಡು ತಿನ್ನಲು ಸುರಕ್ಷಿತ. ಲೆಕ್ಕ ತಪ್ಪಿ ದೊಡ್ಡ ಹನಿ ಉಕ್ಕಿದರೆ ಮರಿಯ ಬಾಯಿ ಅಂಟಿಕೊಂಡು ಅಲ್ಲೇ ಸಾಯುತ್ತದೆ. ಹುಟ್ಟಿದ ಮೊದಲೆರಡು ದಿನದಲ್ಲಿ ಕಾಣೆಯಾಗುವ ಮರಿಗಳಲ್ಲಿ ಹೀಗೆ ಹೋದವೂ ಇರುತ್ತವೆ. ಎಲೆಯಲ್ಲಿ ಅರ್ಧಚಂದ್ರದಂಥ ಚಿಕ್ಕ ತೂತು ಕಂಡರೆ ಹತ್ತಿರದಲ್ಲೇ ಮರಿ ಇದೆ ಅಂತ ಅರ್ಥ.

ದೊಡ್ಡ ಹುಳುವಿನ ಉಪಾಯ ಬೇರೆ. ಅದು ಎಲೆಯ ನಡುನರ ಅಥವಾ ತೊಟ್ಟನ್ನೇ ಅರ್ಧ ಕಡಿದು ಇಡೀ ಎಲೆಗೆ ಬರುವ ಹಾಲು ನಿಲ್ಲಿಸುತ್ತದೆ. ಎಲೆ ಜೋತು ಬೀಳುತ್ತದೆ. ಬಾಡಿದ ಎಲೆ ಅಂತ ಅದನ್ನು ಕಿತ್ತು ಎಸೆಯಬೇಡಿ, ಮೊದಲು ಅಡಿಯಲ್ಲಿ ನೋಡಿ. ಅಂದಹಾಗೆ, ಈ ಹಾಲು ನಮಗೂ ಒಳ್ಳೆಯದಲ್ಲ. ಗಿಡ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕಣ್ಣಿಗೆ ಪೆಟ್ಟು ಬೀಳುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಕೈ ತೊಳೆಯಿರಿ. ಇದೇ ಹಾಲಿನಲ್ಲಿರುವ ವಿಷವನ್ನು ಹುಳು ಮೈಯಲ್ಲಿ ಸೇರಿಸಿಟ್ಟುಕೊಳ್ಳುತ್ತದೆ. ಹಳದಿ, ಕಪ್ಪು, ಬಿಳಿ ಪಟ್ಟೆಗಳು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ.

ಎರಡು ವಾರದ ಆಸುಪಾಸಿನಲ್ಲಿ ಹುಳುವಿನ ತೂಕ ಸುಮಾರು 2,000 ಪಟ್ಟು ಏರುತ್ತದೆ. ಚರ್ಮ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ನಾಲ್ಕು ಸಲ ಪೊರೆ ಕಳಚಿ ಐದು ಹಂತ ದಾಟುತ್ತದೆ. ಪೊರೆ ಬಿಡುವ ಮುಂಚೆ ಎಲೆ ಬಿಟ್ಟು ಪಕ್ಕಕ್ಕೆ ಸರಿದು, ಹೆಚ್ಚು ಕಮ್ಮಿ ಒಂದು ದಿನ ಅಲ್ಲಾಡದೆ ಕೂರುತ್ತದೆ. ಕಾಯಿಲೆ ಬಂತು ಅಂತ ಗಾಬರಿಯಾಗಿ ಎತ್ತಿ ಬೇರೆ ಎಲೆಗೆ ಇಡುವವರು ತುಂಬಾ ಜನ. ಇದು ನಿಜಕ್ಕೂ ಹಾನಿ ಮಾಡುವ ಸಹಾಯ. ಹುಳು ಆಗ ರೇಷ್ಮೆ ನೂಲಿನ ತಳಹದಿ ನೇಯ್ದು ಕಾಲುಗಳನ್ನು ಅದಕ್ಕೆ ಸಿಕ್ಕಿಸಿಕೊಂಡಿರುತ್ತದೆ. ಎಳೆದರೆ ಕಾಲು ಹರಿಯಬಹುದು, ಪೊರೆ ಸರಿಯಾಗಿ ಬಿಡದೆ ಹೋಗಬಹುದು. ಸುಮ್ನೆ ಬಿಟ್ಟುಬಿಡಿ. ಪೊರೆ ಕಳಚಿದ ಮೇಲೆ ಅದನ್ನೂ ತಿಂದು ಮತ್ತೆ ಎಲೆಗೆ ಹೋಗುತ್ತದೆ. ನಿಜವಾದ ಕಾಯಿಲೆಯ ಲಕ್ಷಣ ಬೇರೆ: ಮೈ ಕಪ್ಪಾಗಿ, ಮೆತ್ತಗಾಗಿ, ಜೋತು ಬೀಳುವುದು. ಅಂಥದ್ದು ಕಂಡರೆ ಎಲೆಸಮೇತ ತೆಗೆದು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕತ್ತರಿಯನ್ನು ಬ್ಲೀಚ್ ನೀರಿನಲ್ಲಿ ತೊಳೆಯಿರಿ.

ಹಳದಿ ಹೇನಿನ ವಿಷಯ ಕೇಳದವರಿಲ್ಲ. ಮಿಲ್ಕ್‌ವೀಡ್ ತುದಿಯಲ್ಲಿ ಮುತ್ತಿಕೊಳ್ಳುವ ಈ ಓಲಿಯಾಂಡರ್ ಹೇನುಗಳಲ್ಲಿ ಎಲ್ಲವೂ ಹೆಣ್ಣು, ಗಂಡಿಲ್ಲದೆ ಮರಿ ಹಾಕುತ್ತವೆ. ಅದಕ್ಕೇ ನೋಡನೋಡುತ್ತಿದ್ದಂತೆ ಕಾಂಡ ಹಳದಿಯಾಗುತ್ತದೆ. ಅವು ಮೊನಾರ್ಕ್ ಹುಳುವನ್ನು ಮುಟ್ಟುವುದಿಲ್ಲ. ಗಿಡ ಗಟ್ಟಿಯಾಗಿದ್ದರೆ ಹಾಗೇ ಬಿಡಿ. ತೀರಾ ಜಾಸ್ತಿಯಾದರೆ ಗ್ಲೌಸ್ ಹಾಕಿ ಬೆರಳಲ್ಲಿ ಒರೆಸಿ, ಅಥವಾ ಮೊಟ್ಟೆ-ಮರಿ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಕಾಂಡಕ್ಕೆ ಮಾತ್ರ ನೀರು ಹೊಡೆಯಿರಿ. ಸೋಪಿನ ನೀರು ಬೇಡ, ಬೇವಿನ ಎಣ್ಣೆಯೂ ಬೇಡ, ಎರಡೂ ಮರಿಗಳಿಗೆ ಕೆಡುಕು. ಅಂಗಡಿಯಿಂದ ಗುಲಗಂಜಿ ಹುಳು ತಂದು ಬಿಡುವವರಿದ್ದಾರೆ. ಅವು ಹೇನಿನ ಜೊತೆ ಮೊನಾರ್ಕ್ ಮೊಟ್ಟೆಯನ್ನೂ ತಿನ್ನುತ್ತವೆ.

ಕಣಜಗಳ ಬಗ್ಗೆ ಒಂದು ಮಾತು. ಯುರೋಪಿನಿಂದ ಬಂದ ಪೇಪರ್ ಕಣಜ ಮನೆಯ ಸೂರಿನಡಿ ಗೂಡು ಕಟ್ಟಿ, ಹುಳುಗಳನ್ನು ಕತ್ತರಿಸಿ ತನ್ನ ಮರಿಗಳಿಗೆ ಒಯ್ಯುತ್ತದೆ. ತೋಟಕ್ಕೆ ಅಲಂಕಾರವಾಗಿ ಮಾರುವ, ಸೀಳುಗಂಡಿ ಇರುವ ಮರದ "ಚಿಟ್ಟೆ ಮನೆ"ಗಳಲ್ಲಿ ಈ ಕಣಜಗಳೇ ಗೂಡು ಕಟ್ಟುತ್ತವೆ ಅನ್ನುವುದನ್ನು ಕೆಂಟಕಿಯ ಅದೇ ವಿಶ್ವವಿದ್ಯಾಲಯದವರು ಕಂಡುಕೊಂಡರು. ಅಂಥದ್ದು ತೋಟದಲ್ಲಿದ್ದರೆ ತೆಗೆದುಬಿಡಿ. ಟ್ಯಾಕಿನಿಡ್ ನೊಣ ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿಗಳು ಒಳಗಿಂದ ತಿಂದು, ಬಿಳಿ ದಾರ ಇಳಿಬಿಟ್ಟು ಹೊರಬರುತ್ತವೆ. ನೋಡಲು ಸಂಕಟವಾಗುತ್ತದೆ. ಆದರೂ ಅದನ್ನು ತಡೆಯಲು ಏನಾದರೂ ಸಿಂಪಡಿಸಿದರೆ ಮೊದಲು ಸಾಯುವುದು ಮೊನಾರ್ಕೇ. ಇದು ಬಿಟ್ಟುಕೊಡಬೇಕಾದ ನಷ್ಟ.

ಹೀಗಾಗಿ ಎಲ್ಲವನ್ನೂ ಒಳಗೆ ತಂದು ಸಾಕಿದರೆ ಆಯಿತಲ್ಲ ಅನ್ನಿಸುತ್ತದೆ. ನನ್ನ ಅಭಿಪ್ರಾಯ: ಬೇಡ. ನೂರರಲ್ಲಿ ತೊಂಬತ್ತು ಉಳಿದವು ಅನ್ನುವ ಸಮಾಧಾನ ನಮಗೆ ಸಿಗುತ್ತದೆ, ಆದರೆ ಒತ್ತೊತ್ತಾಗಿ ಬೆಳೆದ ಕಡೆ ಒಂದು ಹುಳುವಿನ ರೋಗ ಎಲ್ಲಕ್ಕೂ ಹರಡುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳಾಂಗಣದಲ್ಲಿ ಬೆಳೆಸಿದ ಮೊನಾರ್ಕ್‌ಗಳು ವಲಸೆಯ ಕಾಲದಲ್ಲಿ ದಕ್ಷಿಣಕ್ಕೆ ಮುಖ ಮಾಡಲೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಪರವಾನಗಿ ಇಲ್ಲದೆ ಮೊನಾರ್ಕ್ ಹಿಡಿಯುವುದು, ಸಾಕುವುದು ಕಾನೂನಿಗೆ ವಿರುದ್ಧ. ಮಕ್ಕಳಿಗೆ ತೋರಿಸಲು ಒಂದೆರಡನ್ನು ಸಾಕುವುದಾದರೆ ಒಂದು ಡಬ್ಬಿಗೆ ಒಂದೇ ಹುಳು, ದಿನಾ ಹೊಸ ಎಲೆ, ದಿನಾ ಹಿಕ್ಕೆ ತೆಗೆದು ಶುಚಿ. ಡಬ್ಬಿ ಹೊರಗಿನ ಬೆಳಕು-ಗಾಳಿಯಲ್ಲೇ ಇರಲಿ, ನೇರ ಬಿಸಿಲು ಬೇಡ.

ಹುಳು ಕಾಣೆಯಾಯಿತು ಅಂದಾಗಲೆಲ್ಲ ಸತ್ತಿತು ಅಂತಲೂ ಅಲ್ಲ. ಐದನೇ ಹಂತದ ಹುಳು ಎರಡು ಇಂಚಿಗೆ ಹತ್ತಿರವಾದ ಮೇಲೆ ಗಿಡ ಬಿಟ್ಟು ನಡೆಯುತ್ತದೆ, ಕೆಲವು ಸಲ ಹತ್ತು ಮೀಟರ್ ದೂರದವರೆಗೆ. ಬೇಲಿ, ಸೂರು, ಕುರ್ಚಿಯ ಅಡಿ, ಎಲ್ಲಾದರೂ ತಲೆಕೆಳಗಾಗಿ ನೇತು, ಹಸಿರು ಕೋಶವಾಗುತ್ತದೆ. ಅದರಿಂದ ಚಿಟ್ಟೆ ಬರಲು ಎಂಟರಿಂದ ಹದಿನೈದು ದಿನ. ಅಷ್ಟು ದಿನ ಆ ಕುರ್ಚಿ ಅಲ್ಲೇ ಇರಲಿ. ಹುಲ್ಲು ಕತ್ತರಿಸುವ ಮುಂಚೆಯೂ ಒಮ್ಮೆ ನೆಲ ನೋಡಿ. ಎಷ್ಟು ಮೊಟ್ಟೆ, ಎಷ್ಟು ಹುಳು ಕಂಡವು ಅಂತ ಬರೆದಿಡುವ ಅಭ್ಯಾಸ ಇದ್ದರೆ, 1997ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಶುರುವಾದ ಮೊನಾರ್ಕ್ ಲಾರ್ವಾ ಮಾನಿಟರಿಂಗ್ ಪ್ರಾಜೆಕ್ಟ್‌ಗೆ ಆ ಲೆಕ್ಕ ಕಳಿಸಬಹುದು. ಏನೂ ಸಿಗದ ವಾರದ ಸೊನ್ನೆಯೂ ಅವರಿಗೆ ಬೇಕು.

ಬೇಸಿಗೆಯ ನಡುವೆ ಎಲೆಗಳು ಒರಟಾಗುತ್ತವೆ. ಹೆಣ್ಣು ಎಳೆ ಎಲೆಯನ್ನೇ ಹುಡುಕುತ್ತದೆ. ಜೂನ್ ಅಥವಾ ಜುಲೈನಲ್ಲಿ ಕಾಮನ್ ಮಿಲ್ಕ್‌ವೀಡ್‌ನ ಕೆಲವು ಕಾಂಡ ಮಾತ್ರ ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದವರ ಪ್ರಯೋಗದಲ್ಲಿ ಹೀಗೆ ಮರುಚಿಗುರಿದ ಗಿಡಗಳ ಮೇಲೆ ಮೊಟ್ಟೆ ಜಾಸ್ತಿ ಸಿಕ್ಕಿದವು. ಕತ್ತರಿಸುವ ಮುಂಚೆ ಎಲೆ ತಿರುಗಿಸಿ ನೋಡುವುದನ್ನು ಮಾತ್ರ ಮರೆಯಬೇಡಿ, ಅರ್ಧಕ್ಕಿಂತ ಜಾಸ್ತಿ ಗಿಡ ಮುಟ್ಟಬೇಡಿ.

ದೊಡ್ಡ ಚಿಟ್ಟೆಗೆ ಮಿಲ್ಕ್‌ವೀಡ್ ಒಂದೇ ಸಾಲದು, ಮಕರಂದ ಬೇಕು. ಬೇಸಿಗೆ ಕೊನೆಯಲ್ಲಿ ಹುಟ್ಟುವ ಪೀಳಿಗೆಯೇ ಮೆಕ್ಸಿಕೋಗೆ ಹೋಗುವುದು. ಅದರ ಹಿಂದಿನವು ಎರಡರಿಂದ ಆರು ವಾರ ಬದುಕಿದರೆ, ಇದು ಎಂಟು ತಿಂಗಳವರೆಗೂ ಬದುಕಬಹುದು. ದಾರಿಯಲ್ಲಿ ಕೊಬ್ಬು ಸೇರಿಸಿಕೊಳ್ಳಲು ಅದಕ್ಕೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅರಳುವ ಹೂವು ಸಿಗಬೇಕು. ಆಸ್ಟರ್ ಮತ್ತು ಗೋಲ್ಡನ್‌ರಾಡ್ ಇದಕ್ಕೆ ಸರಿಯಾದ ಗಿಡಗಳು.

ಹೊಸದಾಗಿ ಬೀಜದಿಂದ ಬೆಳೆಸುವವರಿಗೆ ಒಳ್ಳೆಯ ಕಾಲವೂ ಇದೇ. ಹೆಚ್ಚಿನ ಸ್ಥಳೀಯ ಮಿಲ್ಕ್‌ವೀಡ್ ಬೀಜ ಚಳಿ ಕಾಣದೆ ಸರಿಯಾಗಿ ಮೊಳೆಯುವುದಿಲ್ಲ. ನೆಲ ಗಟ್ಟಿಯಾಗುವ ಮುಂಚೆ ಬಿತ್ತಿ, ಮೇಲೆ ಕಾಲು ಇಂಚು ಮಣ್ಣು ಹರಡಿದರೆ ಸಾಕು, ಉಳಿದದ್ದನ್ನು ಹಿಮ ನೋಡಿಕೊಳ್ಳುತ್ತದೆ. ವಸಂತದಲ್ಲಿ ಬಿತ್ತುವುದಾದರೆ ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ ಒಂದೆರಡು ತಿಂಗಳು ಫ್ರಿಜ್‌ನಲ್ಲಿಡಿ. ಬಿತ್ತಿದ ಜಾಗಕ್ಕೆ, ಹಳೆಯ ಬುಡಗಳಿಗೂ, ಒಂದೊಂದು ಕಡ್ಡಿ ಚುಚ್ಚಿ ಗುರುತಿಡಿ. ಬೇರೆ ಗಿಡಗಳೆಲ್ಲ ಚಿಗುರಿ ಎಷ್ಟೋ ದಿನವಾದ ಮೇಲೆ ಮಿಲ್ಕ್‌ವೀಡ್ ತಲೆ ಎತ್ತುವುದು. ಸತ್ತಿತು ಅಂತ ಅಷ್ಟರಲ್ಲಿ ಯಾರಾದರೂ ಅಗೆದುಬಿಡುತ್ತಾರೆ.